ಸೂಜಿಗಲ್ಲು, ಕಡ್ಡಿ ಮತ್ತು ಪುಟಾಣಿ ನೌಕೆ

ಆಟದ ಮೇಜಿನ ಮೇಲೆ ಬಾಹ್ಯಾಕಾಶ ನೌಕೆ ಮುರಿಯುವುದು ಅಪರೂಪ. ಮುರಿಯುವುದು ಅದು ಬೇಸಿನ ಮೇಲೆ ಹಾರುತ್ತಿರುವಂತೆ ಕಾಣಲೆಂದು ಹೊಟ್ಟೆಗೆ ಸಿಕ್ಕಿಸಿದ ಕಡ್ಡಿ. ಪುಟಾಣಿ ನೌಕೆಗಳನ್ನಿಟ್ಟು ಮೇಜಿನ ಮೇಲೆ ಯುದ್ಧ ಆಡುವ, 2012ರಲ್ಲಿ ಬಂದ ಎಕ್ಸ್-ವಿಂಗ್ ಆಟದ ಪಾರದರ್ಶಕ ಪ್ಲಾಸ್ಟಿಕ್ ಕಡ್ಡಿಗಳನ್ನು ನೆನೆಸಿಕೊಳ್ಳಿ. ಬಿಗಿಯಾಗಿ ಕೂರಲೆಂದೇ ಮಾಡಿದವು, ಆದ್ದರಿಂದ ಕೀಳುವಾಗ ಹೊರಳಿಸಬೇಕು, ಹೊರಳಿಸಿದರೆ ಲಟಕ್ಕನೆ ತುಂಡಾಗುತ್ತವೆ. ಅರ್ಧ ಕಡ್ಡಿ ನೌಕೆಯೊಳಗೇ ಉಳಿಯುತ್ತದೆ, ಅದನ್ನು ಹೊರತೆಗೆಯಲು ಮತ್ತೆ ಡ್ರಿಲ್ ಹಿಡಿಯಬೇಕು. ಮುಂಬಯಿಯ ಮನೆಗಳಲ್ಲಿ ಈ ಕೀಳುವ ಕೆಲಸವೇ ಹೆಚ್ಚು. ಮಾಟುಂಗದಲ್ಲಾಗಲಿ ಡೊಂಬಿವಿಲಿಯಲ್ಲಾಗಲಿ ಊಟದ ಮೇಜೇ ಆಟದ ಮೇಜು. ಎಂಟೂವರೆಗೆ ತಟ್ಟೆ ಬರಬೇಕೆಂದರೆ ಎಂಟೂಕಾಲಿಗೆ ಇಡೀ ನೌಕಾಪಡೆ ಡಬ್ಬಿ ಸೇರಿರಬೇಕು.

ಕಡ್ಡಿಯನ್ನು ಸಿಕ್ಕಿಸುವ ಬದಲು ಅದರ ತುದಿಗೆ ನೌಕೆಯನ್ನು ಹಿಡಿಸಲು ಅಯಸ್ಕಾಂತ ಒಳ್ಳೆಯ ಪರಿಹಾರ ಎಂಬುದು ಈಗ ಹಳೆಯ ಮಾತು. ಆದರೆ ಬಹುಪಾಲು ಜನ ಅದನ್ನು ಅಂಟಿನ ಬದಲಿ ಎಂದುಕೊಂಡು, ಸಿಕ್ಕಿದ್ದರಲ್ಲಿ ಅತಿ ಬಲವಾದದ್ದನ್ನು ತಂದು ಕೂರಿಸುತ್ತಾರೆ. ಎರಡೇ ತಿಂಗಳಲ್ಲಿ ಅಯಸ್ಕಾಂತ ಸ್ಟ್ಯಾಂಡಿನಲ್ಲೇ ಉಳಿದು ನೌಕೆಯ ಹೊಟ್ಟೆಯಲ್ಲಿ ತೂತು ಕಾಣುತ್ತದೆ. ಅಂಟಿಗಿಂತ ಅಯಸ್ಕಾಂತ ಬಲವಾಯಿತು, ಅಷ್ಟೇ. ಒಂದು ನೌಕೆ ಮೇಜಿನಿಂದ ಬಿದ್ದರೆ ಮೊದಲು ಬಿಡಬೇಕಾದದ್ದು ಅಯಸ್ಕಾಂತದ ಕೂಡು, ಆಮೇಲೆ ಅಂಟು, ಆಮೇಲೆ ಕಡ್ಡಿ, ಎಲ್ಲಕ್ಕಿಂತ ಕೊನೆಗೆ ನೌಕೆಯ ಮೈ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಆದ್ದರಿಂದ ಎಷ್ಟು ಬಲದ ಅಯಸ್ಕಾಂತ ಸಾಕು ಎಂದು ಮೊದಲು ಲೆಕ್ಕ ಹಾಕಬೇಕು.

ಲೆಕ್ಕ ಕಷ್ಟದ್ದಲ್ಲ. ಕಡ್ಡಿಯ ಮೇಲೆ ಕೂತ ನೌಕೆಯ ಭಾರ ಕೆಳಮುಖವಾಗಿಯೇ ಇರುತ್ತದೆ, ಅದನ್ನು ಹೊರಲು ಅಯಸ್ಕಾಂತ ಬೇಡ. ನೌಕೆ ಮುಂದಕ್ಕೋ ಹಿಂದಕ್ಕೋ ವಾಲುವುದನ್ನು ತಡೆಯಲು ಮಾತ್ರ ಅದು ಬೇಕು. ವಾಲಿಸುವ ಶಕ್ತಿ ಎಂದರೆ ನೌಕೆಯ ತೂಕ ಗುಣಿಸು ಕಡ್ಡಿಯಿಂದ ಗುರುತ್ವಕೇಂದ್ರಕ್ಕಿರುವ ದೂರ. ತಡೆಯುವ ಶಕ್ತಿ ಎಂದರೆ ಅಯಸ್ಕಾಂತದ ಎಳೆತ ಗುಣಿಸು ಅದರ ಅರ್ಧವ್ಯಾಸ. 3 ಮಿ.ಮೀ. ಅಗಲ, 1 ಮಿ.ಮೀ. ದಪ್ಪದ ಬಿಲ್ಲೆ ದಪ್ಪ ಉಕ್ಕನ್ನು ಸುಮಾರು 200 ಗ್ರಾಂ ಬಲದಿಂದ ಹಿಡಿಯುತ್ತದೆ. 5 ಅಗಲ, 2 ದಪ್ಪದ್ದು ಸುಮಾರು 700 ಗ್ರಾಂ. ಈಗ 30 ಗ್ರಾಂ ತೂಕದ ನೌಕೆಯ ಗುರುತ್ವಕೇಂದ್ರ ಕಡ್ಡಿಯಿಂದ 20 ಮಿ.ಮೀ. ಆಚೆಗಿದೆ ಎನ್ನಿ. ವಾಲಿಸುವುದು 600. ಚಿಕ್ಕ ಬಿಲ್ಲೆ ತಡೆಯುವುದು 200 ಗುಣಿಸು 1.5, ಅಂದರೆ 300. ಮೂಗು ಮೇಜಿಗೆ ಮುಟ್ಟುವುದು ಖಂಡಿತ. 5 ಮಿ.ಮೀ. ಬಿಲ್ಲೆ ತಡೆಯುವುದು 1750, ಮೂರು ಪಟ್ಟು ಹತ್ತಿರ. ಅಲ್ಲಿಗೆ ನಿಲ್ಲಿಸಿ, ಇನ್ನೂ ದೊಡ್ಡದು ಬೇಡ.

ಅದಕ್ಕಿಂತಲೂ ಜಾಣತನವೆಂದರೆ ಆ 20 ಮಿ.ಮೀ. ದೂರವನ್ನೇ ಕಡಿಮೆ ಮಾಡುವುದು. ಪೆಟ್ಟಿಗೆಯಿಂದ ಬಂದ ತೂತು ಗುರುತ್ವಕೇಂದ್ರದಲ್ಲಿ ಇರಬೇಕೆಂದೇನಿಲ್ಲ, ಅಚ್ಚು ತಯಾರಿಸಿದವರಿಗೆ ಎಲ್ಲಿ ಸುಲಭವೋ ಅಲ್ಲಿರುತ್ತದೆ. ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ನೌಕೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ತೂಗಿಸಿ. ತೂಗಿ ನಿಂತಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಎರಡು ಗೆರೆ ಕೂಡುವ ಕಡೆ ಹೊಸ ತೂತು. ದಪ್ಪ ಇಂಜಿನ್ನಿನ ನೌಕೆಗಳಲ್ಲಿ ಈ ಬಿಂದು ನಾವು ಅಂದುಕೊಂಡದ್ದಕ್ಕಿಂತ ತುಂಬ ಹಿಂದೆ ಇರುತ್ತದೆ. ಅಳತೆಯನ್ನು ಕಡ್ಡಿಯಿಂದಲೋ ಬೇಸಿನ ಅಂಚಿನಿಂದಲೋ ತೆಗೆದುಕೊಳ್ಳುವ ಆಟಗಳಲ್ಲಿ ನೌಕೆ ಮುಂದೆ ಹಿಂದೆ ಸರಿದರೂ ಆಟದ ನಿಯಮಕ್ಕೆ ಧಕ್ಕೆಯಿಲ್ಲ.

ಇನ್ನು ವಸ್ತುವಿನ ವಿಷಯ. ಕನ್ನಡದ ಹಳೆಯ ಮಾತು ಸೂಜಿಗಲ್ಲು, ಆದರೆ ಕಲ್ಲಿನ ಕಾಲ ಹೋಗಿ ಬಹಳ ದಿನವಾಯಿತು. ನಮಗೆ ಬೇಕಾದದ್ದು ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಕೂಡಿದ ಮಿಶ್ರಣ. ಜಪಾನಿನ ಸುಮಿಟೊಮೊ ಮತ್ತು ಅಮೆರಿಕದ ಜನರಲ್ ಮೋಟರ್ಸ್ 1980ರ ದಶಕದ ಆರಂಭದಲ್ಲಿ ಬೇರೆಬೇರೆಯಾಗಿ ಕಂಡುಕೊಂಡದ್ದು. ಎನ್ 35, ಎನ್ 52 ಎಂಬ ಗುರುತಿನಲ್ಲಿರುವ ಸಂಖ್ಯೆ ಅದರ ಶಕ್ತಿಯ ಅಳತೆ, ಮೆಗಾಗಾಸ್-ಓರ್ಸ್ಟೆಡ್ ಲೆಕ್ಕದಲ್ಲಿ. ಸ್ಪೀಕರಿನ ಹಿಂದೆ ಇರುವ ಕಪ್ಪು ಫೆರೈಟ್ ಅದರ ಹತ್ತನೇ ಒಂದು ಭಾಗದಷ್ಟು. ನಮ್ಮ ಕೆಲಸಕ್ಕೆ ಎನ್ 35 ಧಾರಾಳವಾಗಿ ಸಾಕು. ಹೆಚ್ಚಿನ ಬಲ ಬೇಕಾದರೆ ಗ್ರೇಡ್ ಏರಿಸುವ ಬದಲು ಒಂದು ಅಳತೆ ದೊಡ್ಡದು ಹಾಕಿ, ಅರ್ಧವ್ಯಾಸವೂ ಏರುವುದರಿಂದ ಲಾಭ ಇಮ್ಮಡಿ.

ಎರಡೂ ಕಡೆ ಅಯಸ್ಕಾಂತ ಬೇಕೇ? ಬೇಡ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ನೌಕೆಯ ಕಡೆ ಅಯಸ್ಕಾಂತ, ಕಡ್ಡಿಯ ಕಡೆ ಉಕ್ಕು ಇದ್ದರೆ ಉತ್ತರ ಧ್ರುವ ದಕ್ಷಿಣ ಧ್ರುವ ಎಂಬ ತಲೆನೋವೇ ಇಲ್ಲ. ಇಪ್ಪತ್ತು ನೌಕೆಗಳಲ್ಲಿ ಒಂದನ್ನು ತಲೆಕೆಳಗಾಗಿ ಅಂಟಿಸಿ, ಅದು ಸ್ಟ್ಯಾಂಡಿನಿಂದ ಹಾರಿಹೋಗುವುದನ್ನು ನೋಡುವ ಪ್ರಸಂಗವೂ ತಪ್ಪುತ್ತದೆ. ಉಕ್ಕಿನ ತುಂಡು ಮಾತ್ರ ತೀರ ತೆಳುವಾಗಿರಬಾರದು. ಡ್ರಾಯಿಂಗ್ ಪಿನ್ನಿನ ತಲೆ ಬೇಗ ಕಾಂತಸಂತೃಪ್ತವಾಗಿ, ಅಂದರೆ ಅದಕ್ಕಿಂತ ಹೆಚ್ಚು ಕಾಂತತ್ವ ಹಿಡಿಯಲಾಗದೆ, ಹಿಡಿತ ಕುಗ್ಗುತ್ತದೆ. 5 ಮಿ.ಮೀ. ಬಿಲ್ಲೆಗೆ ಕನಿಷ್ಠ 1 ಮಿ.ಮೀ. ದಪ್ಪದ ಉಕ್ಕು ಬೇಕು. ಚಪ್ಪಟೆ ತಲೆಯ ಮೊಳೆ ಅಥವಾ ಸ್ಕ್ರೂವಿನ ತಲೆ ಸರಿಹೋಗುತ್ತದೆ. ಸ್ಟೇನ್‌ಲೆಸ್ ಎಂದು ಕೇಳಿ ತರಬೇಡಿ. 304 ಜಾತಿಯ ಸ್ಟೇನ್‌ಲೆಸ್ ಉಕ್ಕಿಗೆ ಅಯಸ್ಕಾಂತ ಅಂಟುವುದೇ ಇಲ್ಲ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಬಿಲ್ಲೆ ಇಟ್ಟುಕೊಂಡು ಹೋಗಿ ಅಲ್ಲೇ ಪರೀಕ್ಷಿಸಿ.

ಅಂಗಡಿ ಎಂದರೆ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ನಾಗದೇವಿ ಸ್ಟ್ರೀಟಿನ ಕಡೆ ನಡೆಯುವುದು. ಸ್ಕ್ರೂ, ವಾಷರ್, ಬೇರಿಂಗ್, ಡ್ರಿಲ್ ಬಿಟ್ ಎಲ್ಲ ಒಂದೇ ಬೀದಿಯಲ್ಲಿ ಸಿಗುತ್ತವೆ. ಭಾನುವಾರ ಹೋದರೆ ಶಟರುಗಳನ್ನು ಎಣಿಸಿಕೊಂಡು ಬರಬೇಕಾದೀತು. ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಬೇಕಾದರೆ ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡು. ಉಕ್ಕಿನ ಗುಂಡು ಬೇಕಾದರೆ ಅಷ್ಟು ದೂರವೂ ಬೇಡ, ಮನೆ ಪಕ್ಕದ ಸೈಕಲ್ ರಿಪೇರಿಯವರ ಬಳಿ ‘ಛರ್ರಾ’ ಎಂದರೆ ಸಾಕು.

ಕೊರೆಯುವ ಕೆಲಸಕ್ಕೆ ಬರೋಣ. ಕೈಯಲ್ಲಿ ತಿರುಗಿಸುವ ಪಿನ್ ವೈಸ್ ಸಾಕು, ವಿದ್ಯುತ್ ಡ್ರಿಲ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಅಚ್ಚಿಗೆ ಹೊಯ್ದು ಮಾಡುವ ರೆಸಿನ್ನನ್ನು ಸೀಳುತ್ತದೆ. ಮೊದಲು 1 ಮಿ.ಮೀ. ಬಿಟ್ಟಿನಿಂದ ದಾರಿ ಮಾಡಿ, ಆಮೇಲೆ 2, ಆಮೇಲೆ 3, ಹೀಗೆ ಏರಿಸುತ್ತ ಹೋಗಿ. ನೇರವಾಗಿ 5ನ್ನು ಇಟ್ಟರೆ ಬಿಟ್ ಜಾರಿ ತೂತು ಮೊಟ್ಟೆಯಾಕಾರವಾಗುತ್ತದೆ. ಕೊನೆಯ ಬಿಟ್ ಬಿಲ್ಲೆಗಿಂತ 0.1 ಅಥವಾ 0.2 ಮಿ.ಮೀ. ದೊಡ್ಡದಿರಲಿ, ಅಂಟಿಗೆ ಜಾಗ ಬೇಕಲ್ಲ. ಬಿಟ್ಟಿಗೆ ಟೇಪು ಸುತ್ತಿ ಆಳ ಗುರುತು ಮಾಡಿಕೊಳ್ಳಿ: ಬಿಲ್ಲೆಯ ದಪ್ಪದ ಮೇಲೆ 0.3. ಪ್ಲಾಸ್ಟಿಕ್ ನೌಕೆಗಳ ಗೋಡೆ ಒಂದೊಂದು ಕಡೆ 1 ಮಿ.ಮೀ. ಮಾತ್ರ ಇರುತ್ತದೆ. ಅಂಥಲ್ಲಿ ಕೊರೆದರೆ ಬಿಟ್ ಒಳಗಿನ ಟೊಳ್ಳಿಗೆ ಬೀಳುತ್ತದೆ, ಬಿಲ್ಲೆಯೂ ಅದರ ಹಿಂದೆಯೇ ಹೋಗಿ ಒಳಗೆ ಗಲಗಲ ಎನ್ನುತ್ತದೆ. ನೌಕೆಯನ್ನು ಇನ್ನೂ ಜೋಡಿಸಿಲ್ಲವೆಂದರೆ ಒಳಗಿನಿಂದಲೇ ಎಂ-ಸೀಲ್ ತುಂಬಿ, ಅದು ಒಣಗಿದ ಮೇಲೆ ಅದರಲ್ಲಿ ಕೊರೆಯುವುದು ಸುರಕ್ಷಿತ. ರೆಸಿನ್ ಕೊರೆಯುವಾಗ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಪುಡಿ ಒರೆಸಿ. ಹಳೆಯ ಲೋಹದ ಮಾದರಿಗಳಲ್ಲಿ ಸೀಸ ಇರಬಹುದು, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಅವಲಕ್ಕಿ ಬಟ್ಟಲಿಗೆ ಕೈ ಹಾಕಬೇಡಿ. ಅಯಸ್ಕಾಂತವನ್ನು ಮಾತ್ರ ಯಾವ ಕಾರಣಕ್ಕೂ ಕೊರೆಯಬಾರದು, ಕತ್ತರಿಸಬಾರದು. ಗಾಜಿನಂತೆ ಸಿಡಿಯುತ್ತದೆ, ಅದರ ಪುಡಿ ಹೊತ್ತಿಕೊಳ್ಳುತ್ತದೆ.

ಅಂಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನೂರಕ್ಕೆ ತೊಂಬತ್ತು ಕೆಲಸ ಕೆಡುವುದು ಇಲ್ಲೇ. ಕೈಗೆ ಮೊದಲು ಸಿಗುವುದು ಫೆವಿಕ್ವಿಕ್. ಅದರಲ್ಲಿರುವ ಸಯನೋಅಕ್ರಿಲೇಟ್ ಗಟ್ಟಿಯಾಗುವುದು ತೇವದಿಂದ. ಜುಲೈ ತಿಂಗಳ ಮುಂಬಯಿ ಗಾಳಿಯಲ್ಲಿ ಅದು ಬಿಲ್ಲೆ ಪೂರ್ತಿ ಕೂರುವ ಮುನ್ನವೇ ಹಿಡಿದುಬಿಡುತ್ತದೆ, ಸುತ್ತಲೂ ಬಿಳಿ ಮಂಜು ಕಟ್ಟಿ ಬಣ್ಣ ಹಾಳು ಮಾಡುತ್ತದೆ. ಸಂದು ತುಂಬುವ ಗುಣವಿಲ್ಲ, ಗಟ್ಟಿಯಾದ ಮೇಲೆ ಗಡುಸು ಹೆಚ್ಚು, ಏಟು ಬಿದ್ದರೆ ಚಟ್ಟನೆ ಬಿಡುತ್ತದೆ. ಪ್ರತಿ ಸಲ ನೌಕೆ ಕಿತ್ತಾಗಲೂ ಬಿಲ್ಲೆಗೆ ಬೀಳುವುದು ಅಂಥದೇ ಸಣ್ಣ ಏಟು. ಆದ್ದರಿಂದ ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿಯೇ ಸರಿ. ಎರಡನ್ನೂ ಸಮನಾಗಿ ಹಿಂಡಿ, ಒಂದು ನಿಮಿಷ ಪೂರ್ತಿ ಕಲಸಿ, ಇಡೀ ರಾತ್ರಿ ಬಿಡಿ.

ಬಿಲ್ಲೆಯ ಮೇಲೆ ಇರುವುದು ನಿಕಲ್ ಲೇಪ, ಕನ್ನಡಿಯಂತೆ ನುಣುಪು. ಅಂಟುವ ಬದಿಯನ್ನು ಮಾತ್ರ 220ರ ಎಮರಿ ಪೇಪರಿನ ಮೇಲೆ ಮೂರು ನಾಲ್ಕು ಸಲ ಉಜ್ಜಿ, ಗೀರು ಕಂಡರೆ ಸಾಕು. ಲೇಪವೇ ಹೋಗುವಷ್ಟು ಉಜ್ಜಿದರೆ ಒಳಗಿನ ಮಿಶ್ರಣ ತುಕ್ಕು ಹಿಡಿಯುತ್ತದೆ. ಅಂಟನ್ನು ತೂತಿನೊಳಗೆ ಹಾಕಿ, ಬಿಲ್ಲೆಯ ಮೇಲಲ್ಲ. ಬಿಲ್ಲೆಯನ್ನು ಒಳಗೆ ತಳ್ಳಲು ಸ್ಕ್ರೂಡ್ರೈವರ್ ಹಿಡಿದರೆ ಅದರ ಜೊತೆಗೇ ಹೊರಬರುತ್ತದೆ, ಅಂಟಿನ ಎಳೆ ನೌಕೆಯ ತುಂಬ ಹರಡುತ್ತದೆ. ಬಿದಿರಿನ ಕಡ್ಡಿ ಅಥವಾ ಊದುಬತ್ತಿಯ ಕಡ್ಡಿ ಬಳಸಿ. ಒಣಗಿಸುವುದಕ್ಕೂ ಒಂದು ಉಪಾಯವಿದೆ. ಕಬ್ಬಿಣದ ತವೆಯ ಮೇಲೆ ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೆ ನೌಕೆಯ ಹೊಟ್ಟೆ ಕೆಳಗಾಗಿ ಇಡಿ. ತವೆ ಬಿಲ್ಲೆಯನ್ನು ಎಳೆದು ನೌಕೆಯ ಮೈ ಮಟ್ಟಕ್ಕೆ ತರುತ್ತದೆ, ಹಿಂದಿನ ಖಾಲಿಯನ್ನು ಎಪಾಕ್ಸಿ ತುಂಬುತ್ತದೆ. ಪಕ್ಕದ ನೌಕೆಯನ್ನು 5 ಸೆಂ.ಮೀ. ದೂರವಿಡಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಎರಡು ಬಿಲ್ಲೆಗಳೂ ತೂತು ಬಿಟ್ಟು ಬಂದು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಹೇರ್ ಡ್ರೈಯರ್, ಬಿಸಿ ಅಂಟಿನ ಬಂದೂಕು, ಸೋಲ್ಡರಿಂಗ್ ಕಬ್ಬಿಣ ಹತ್ತಿರ ತರಬೇಡಿ. ಸಾಮಾನ್ಯ ಗ್ರೇಡಿನ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ, ಆರಿದ ಮೇಲೆ ಅದು ಮರಳುವುದಿಲ್ಲ.

ಇಷ್ಟಾದರೂ ಬಿಲ್ಲೆ ಕಿತ್ತು ಬಂದರೆ ತಕ್ಷಣ ಮತ್ತೆ ಅಂಟಿಸಬೇಡಿ. ಮೊದಲು ಭೂತಗನ್ನಡಿ ಹಿಡಿದು ನೋಡಿ. ಅಂಟೆಲ್ಲ ತೂತಿನಲ್ಲೇ ಉಳಿದು ಅದರ ಮೇಲೆ ಹೊಳೆಯುವ ನುಣುಪು ಮೈ ಕಂಡರೆ ಬಿಲ್ಲೆಯನ್ನು ಉಜ್ಜಿರಲಿಲ್ಲ. ಅಂಟು ಬಿಲ್ಲೆಯ ಜೊತೆ ಬಂದು ತೂತು ಸ್ವಚ್ಛವಾಗಿದ್ದರೆ ನೌಕೆಯ ಮೈಯಲ್ಲಿ ಜಿಡ್ಡಿತ್ತು. ರೆಸಿನ್ ಮಾದರಿಗಳ ಮೇಲೆ ಅಚ್ಚಿನಿಂದ ಬಿಡಿಸುವ ಎಣ್ಣೆ ಉಳಿದಿರುತ್ತದೆ, ಪಾತ್ರೆ ತೊಳೆಯುವ ಸೋಪು ಮತ್ತು ಹಳೆಯ ಟೂತ್‌ಬ್ರಷ್ ಸಾಕು. ಎರಡೂ ಕಡೆ ಅರ್ಧರ್ಧ ಅಂಟು, ಮುಟ್ಟಿದರೆ ಮೆತ್ತಗೆ: ಎಪಾಕ್ಸಿ ಸರಿಯಾಗಿ ಕಲಸಿಲ್ಲ. ಅಂಟಿನ ಮೇಲೆ ಬೆಳ್ಳಿ ಬಣ್ಣದ ಸಣ್ಣ ತಟ್ಟೆ ಉಳಿದು, ಕೈಗೆ ಬಂದ ಬಿಲ್ಲೆ ಬೂದು ಬಣ್ಣಕ್ಕೆ ತಿರುಗಿದ್ದರೆ ಲೇಪವೇ ಸಿಪ್ಪೆಯಂತೆ ಎದ್ದಿದೆ, ಆ ಬಿಲ್ಲೆಯನ್ನು ಎಸೆಯಿರಿ. ನಾಲ್ಕೂ ಬೇರೆಬೇರೆ ಕಾಯಿಲೆ. ಎಲ್ಲಕ್ಕೂ ಇನ್ನೊಂದು ಹನಿ ಅಂಟೇ ಮದ್ದು ಎಂದುಕೊಂಡರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಕೆಲಸ.

ಬಿಲ್ಲೆ ಎಷ್ಟೇ ಗಟ್ಟಿಯಾಗಿ ಕೂತರೂ ಪಕ್ಕಕ್ಕೆ ಜಾರುತ್ತದೆ. ನೇರ ಎಳೆತದಲ್ಲಿ ತೋರುವ ಬಲದ ಐದನೇ ಒಂದು ಭಾಗದಷ್ಟೇ ಅಡ್ಡ ತಳ್ಳುವಿಕೆಗೆ ಸಿಗುತ್ತದೆ, ನಿಕಲ್ ಅಷ್ಟು ನುಣುಪು. ಇದಕ್ಕೆ ಕೊರಳಪಟ್ಟಿ ಹಾಕಬೇಕು. ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕತ್ತರಿಸಿ, ಅದರ ಸುತ್ತ ಹಿತ್ತಾಳೆ ಕೊಳವೆಯ ತುಂಡನ್ನೋ ಹೀಟ್ ಶ್ರಿಂಕ್ ಕೊಳವೆಯನ್ನೋ ತುದಿಯ ಉಕ್ಕಿಗಿಂತ ಅರ್ಧ ಮಿ.ಮೀ. ಎತ್ತರಕ್ಕೆ ನಿಲ್ಲಿಸಿ. ಹೀಟ್ ಶ್ರಿಂಕನ್ನು ಬಿಸಿ ಮಾಡುವ ಕೆಲಸ ನೌಕೆಯ ಬಿಲ್ಲೆ ಹತ್ತಿರ ಬರುವ ಮೊದಲೇ ಮುಗಿಯಲಿ. ನೌಕೆಯ ಕಡೆಯ ಬಿಲ್ಲೆ ಇಲ್ಲಿ ಮೈ ಮಟ್ಟಕ್ಕಲ್ಲ, ಅಷ್ಟೇ ಅರ್ಧ ಮಿ.ಮೀ. ಹೊರಚಾಚಿರಲಿ. ಈಗ ಅದು ಗೂಡಿನೊಳಗೆ ಕೂತಂತೆ ಕೂರುತ್ತದೆ, ಜಾರುವುದಿಲ್ಲ, ಮೇಲೆತ್ತಿದರೆ ಸಲೀಸಾಗಿ ಬರುತ್ತದೆ. ಗೂಡಿನ ತಳಕ್ಕೆ ಬಣ್ಣ ಹೋಗದಂತೆ ನೋಡಿಕೊಳ್ಳಿ. ಚಿಕ್ಕ ಬಿಲ್ಲೆಗಳಲ್ಲಿ ಅರ್ಧ ಮಿ.ಮೀ. ಅಂತರ ಬಂದರೂ ಹಿಡಿತ ಅರ್ಧದಷ್ಟು ಇಳಿದುಹೋಗುತ್ತದೆ, ಪ್ರೈಮರ್, ಬಣ್ಣ, ವಾರ್ನಿಷ್ ಮೂರೂ ಸೇರಿದರೆ ಒಂದಿಷ್ಟು ಅಂತರವಾಗಿಯೇ ಆಗುತ್ತದೆ.

ದುಂಡು ಬಿಲ್ಲೆಯ ಮೇಲೆ ನೌಕೆ ಬುಗುರಿಯಂತೆ ತಿರುಗುವುದು ಇನ್ನೊಂದು ಕಾಟ. ಸೀಲಿಂಗ್ ಫ್ಯಾನ್ ಐದರಲ್ಲಿದ್ದರೆ ಹಗುರ ರೆಸಿನ್ ನೌಕೆಗಳು ತಾವಾಗಿಯೇ ಶರಣಾಗತಿಗೆ ತಿರುಗುವುದುಂಟು. ಗುಂಡು ಹಾರಿಸುವ ದಿಕ್ಕನ್ನು ಬೇಸಿನಿಂದ ಅಳೆಯುವ ಆಟಗಳಲ್ಲಿ ಇದು ಬರೀ ಅಂದದ ಪ್ರಶ್ನೆ. ಆದರೂ ತಡೆಯಬೇಕೆಂದರೆ ಇಲ್ಲಿ ಮಾತ್ರ ಎರಡೂ ಕಡೆ ಅಯಸ್ಕಾಂತ ಹಾಕುವುದು ಸಾರ್ಥಕ: 3 ಮಿ.ಮೀ. ಬಿಲ್ಲೆ ಎರಡೆರಡು, ಒಂದರ ಉತ್ತರ ಮೇಲೆ, ಪಕ್ಕದ್ದರ ದಕ್ಷಿಣ ಮೇಲೆ. ನೌಕೆ ಒಂದೇ ದಿಕ್ಕಿನಲ್ಲಿ ಕಚ್ಚಿಕೊಳ್ಳುತ್ತದೆ, ಹಿಂದುಮುಂದಾದರೆ ಒದ್ದುಕೊಂಡು ಪಕ್ಕಕ್ಕೆ ಸರಿಯುತ್ತದೆ. ಧ್ರುವ ತಪ್ಪದಿರಲು ಒಂದು ಬಿಲ್ಲೆಯನ್ನು ಐಸ್‌ಕ್ರೀಂ ಕಡ್ಡಿಗೆ ಅಂಟಿಸಿ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಅಂಟಿಸುವ ಮೊದಲು ಪ್ರತಿ ಬಿಲ್ಲೆಯನ್ನೂ ಅದಕ್ಕೆ ತಾಕಿಸಿ, ಮೇಲೆ ಬರುವ ಬದಿಗೆ ಮಾರ್ಕರಿನಿಂದ ಚುಕ್ಕೆ ಇಡಿ.

ನೌಕೆ ಓರೆಯಾಗಿ ತಿರುವು ತೆಗೆದುಕೊಳ್ಳುವಂತೆ ಕಾಣಬೇಕೆಂದರೆ ಕಡ್ಡಿಯ ತುದಿಗೆ ಉಕ್ಕಿನ ಗುಂಡು. ಸೈಕಲ್ಲಿನ ಪೆಡಲಿನಲ್ಲಿ ಬರುವುದು ಸುಮಾರು 4 ಮಿ.ಮೀ., ಮುಂದಿನ ಹಬ್ಬಿನದು 4.76, ಹಿಂದಿನದು 6.35. ಮಧ್ಯದ್ದು ನಮಗೆ ಹೇಳಿ ಮಾಡಿಸಿದಂತಿದೆ. ಗುಂಡು ಹದ ಮಾಡಿದ ಉಕ್ಕಾದ್ದರಿಂದ ಅದನ್ನು ಕೊರೆಯಲು ಹೋಗಬೇಡಿ, ಬಿಟ್ ಮೊಂಡಾಗುತ್ತದೆ. 4 ಮಿ.ಮೀ. ಹಿತ್ತಾಳೆ ಕೊಳವೆಯ ಬಾಯಿಯ ಮೇಲೆ ಗುಂಡನ್ನು ಕೂರಿಸಿ ಎಪಾಕ್ಸಿ ಹಾಕಿದರೆ ಲಿಂಗ ಪಾಣಿಪೀಠದ ಮೇಲೆ ಕೂತಂತೆ ಕೂರುತ್ತದೆ. ನೌಕೆಯ ಕಡೆ ಚಪ್ಪಟೆ ಬಿಲ್ಲೆ ಹಾಕಿದರೆ ಗುಂಡು ಒಂದೇ ಬಿಂದುವಿನಲ್ಲಿ ತಾಗಿ ಹಿಡಿತ ಸಡಿಲ. ನಡುವೆ ತೂತಿರುವ ಉಂಗುರದ ಅಯಸ್ಕಾಂತ ಹಾಕಿ, ಗುಂಡು ಆ ತೂತಿನಲ್ಲಿ ಅರ್ಧ ಇಳಿದು ಸುತ್ತಲೂ ತಾಗುತ್ತದೆ. ಇದರ ಮಿತಿಯೂ ತಿಳಿದಿರಲಿ. ಇಲ್ಲಿ ತಡೆಯುವುದು ಬರೀ ಘರ್ಷಣೆ, ಆದ್ದರಿಂದ ಇದು 10 ಗ್ರಾಂ ಆಸುಪಾಸಿನ ಫೈಟರುಗಳಿಗೆ ಮಾತ್ರ ಹೊಂದುತ್ತದೆ. ತೂಕದ ಲೋಹದ ಯುದ್ಧನೌಕೆ ಗುಂಡಿನ ಮೇಲೆ ನಿಧಾನಕ್ಕೆ ತೂಕಡಿಸಿ ಮಲಗಿಬಿಡುತ್ತದೆ. ಅಂಥ 80 ಗ್ರಾಂ ದಾಟಿದ ನೌಕೆಗೆ ಉಂಗುರದ ಅಯಸ್ಕಾಂತದ ನಡುವೆ ಸಡಿಲವಾದ ಲೋಹದ ಪಿನ್ ನಿಲ್ಲಿಸಿ: ಅಡ್ಡ ಬಲವನ್ನು ಪಿನ್ ಹೊರುತ್ತದೆ, ಎತ್ತುವಾಗಿನ ಬಿಗಿಯನ್ನಷ್ಟೇ ಅಯಸ್ಕಾಂತ ನೋಡಿಕೊಳ್ಳುತ್ತದೆ.

ಕಡ್ಡಿ ಮತ್ತು ಬೇಸಿನ ನಡುವೆಯೂ ಅಯಸ್ಕಾಂತ ಹಾಕಿದರೆ ಎಲ್ಲ ಬಿಚ್ಚಿ ಚಪ್ಪಟೆಯಾಗಿ ಇಡಬಹುದಲ್ಲ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಅದೇ 5 ಮಿ.ಮೀ. ಬಿಲ್ಲೆ ತಡೆಯುವುದು 1750. ನೌಕೆಗೆ ಕೈ ತಾಗುವ ಜಾಗ ಮೇಲಿನ ಕೂಡಿಗಿಂತ 5 ಮಿ.ಮೀ. ಎತ್ತರದಲ್ಲಿದ್ದರೆ ಅದನ್ನು ಬಿಡಿಸಲು 350 ಗ್ರಾಂ ತಳ್ಳಬೇಕು. ಕೆಳಗಿನ ಕೂಡಿನಿಂದ ಅದೇ ಜಾಗ 60 ಮಿ.ಮೀ. ಎತ್ತರ, ಅಲ್ಲಿ 29 ಗ್ರಾಂ ಸಾಕು. ಬೇಸ್ ಹಗುರವಾಗಿದ್ದರೆ ಅದಕ್ಕೂ ಮೊದಲೇ ಇಡೀ ಸ್ಟ್ಯಾಂಡ್ ಉರುಳುತ್ತದೆ. ಭಾರ ಹಾಕಿ ಬೇಸನ್ನು ಗಟ್ಟಿ ಮಾಡಿದರೆ ಕಡ್ಡಿ ಬುಡದಲ್ಲೇ ಕಿತ್ತು ನೌಕೆಯನ್ನೂ ಹೊತ್ತು ಬೀಳುತ್ತದೆ. ಆದ್ದರಿಂದ ಕೆಳಗಡೆ ಆಳವಾದ ತೂತು, ಬಿಗಿಯಾದ ಕಡ್ಡಿ, ಬೇಕಾದರೆ ಅಂಟು. ಬೇಸಿನ ಅಡಿಗೆ ವಾಷರ್ ಅಂಟಿಸಿ. ಎಂ 20 ವಾಷರ್ 37 ಮಿ.ಮೀ. ಅಗಲ, ಸುಮಾರು 17 ಗ್ರಾಂ, 40 ಮಿ.ಮೀ. ಬೇಸಿನ ಅಡಿಯಲ್ಲಿ ಮರೆಯಾಗುತ್ತದೆ. ಒಂದು ರೂಪಾಯಿ ನಾಣ್ಯಕ್ಕೂ ಅಯಸ್ಕಾಂತ ಅಂಟುತ್ತದೆ ನಿಜ, ಆದರೆ ವಾಷರಿನ ತೂಕ ಅದರ ನಾಲ್ಕು ಪಟ್ಟಿಗಿಂತ ಹೆಚ್ಚು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಿಡಿ ಬಿಲ್ಲೆಗಳನ್ನು ಎಣಿಸಿ ಇಡಿ, ಎಣಿಸಿ ತೆಗೆಯಿರಿ. ಒಂದಕ್ಕಿಂತ ಹೆಚ್ಚು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳನ್ನು ನಡುವೆ ಸಿಕ್ಕಿಸಿಕೊಂಡು ಅಂಟುತ್ತವೆ, ಕರುಳು ತೂತಾಗುತ್ತದೆ. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಅಜ್ಜನ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಡಬ್ಬಿ ಅವರ ತೊಡೆಯ ಮೇಲಲ್ಲ, ಒಂದು ಗೇಣಾದರೂ ದೂರ.

ಅಯಸ್ಕಾಂತ ನೌಕೆಯಲ್ಲಿರಲಿ, ಉಕ್ಕು ಕಡ್ಡಿಯಲ್ಲಿರಲಿ ಎಂದು ನಾವು ಹೇಳುವುದಕ್ಕೆ ಕಾರಣ ಲೋಕಲ್ ರೈಲು. ತಗಡಿನ ಬಿಸ್ಕತ್ತು ಡಬ್ಬಿಯ ತಳಕ್ಕೆ ತೆಳು ಕಾಗದ ಹಾಸಿ ನೌಕೆಗಳನ್ನು ನೇರ ಅದರ ಮೇಲೆ ಕೂರಿಸಬಹುದು, ಫೋಮ್ ಕತ್ತರಿಸುವ ಕೆಲಸವೇ ಇಲ್ಲ. ಊಟದ ಸ್ಟೀಲ್ ಡಬ್ಬಿ ಸಾಮಾನ್ಯವಾಗಿ ಕೈಕೊಡುತ್ತದೆ, ಅದಕ್ಕೆ ಅಯಸ್ಕಾಂತ ಅಂಟುವುದು ಅಪರೂಪ. ತಗಡು ತೆಳು, ಆದ್ದರಿಂದ ಹಿಡಿತವೂ ಹದವಾಗಿಯೇ ಇರುತ್ತದೆ. ದಾದರಿನಲ್ಲಿ ನೂಕುನುಗ್ಗಲಿನ ನಡುವೆ ಡಬ್ಬಿ ಅಡ್ಡವಾದರೆ ನೌಕೆಗಳು ಸ್ವಲ್ಪ ಜಾರಬಹುದು, ಉದುರುವುದಿಲ್ಲ. ಒಂದಕ್ಕೊಂದು ಕನಿಷ್ಠ ಎರಡು ಬೆರಳಿನ ಅಂತರ ಬಿಡಿ. ಜೂನ್ ಬಂದಾಗ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ, ಬಿಲ್ಲೆಗಳ ಹೊರಮೈಗೆ ವಾರ್ನಿಷಿನ ಒಂದೇ ಒಂದು ತೆಳು ಪದರ ಕೊಡಿ. ನೇಲ್ ಪಾಲಿಶ್ ಬೇಡ, ಅದರ ದ್ರಾವಕ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಸಮುದ್ರದ ಗಾಳಿಗೆ ನಿಕಲ್ಲಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು. ಗಣೇಶ ಚತುರ್ಥಿಯ ಹೊತ್ತಿಗೆ ಡಬ್ಬಿ ತೆರೆದು ಒಂದೊಂದೇ ನೌಕೆಯನ್ನು ತಿರುಗಿಸಿ ನೋಡಿ: ಬಿಲ್ಲೆಯ ಅಂಚಿನಲ್ಲಿ ಕಂದು ಪುಡಿ ಕಂಡದ್ದನ್ನು ಪಕ್ಕಕ್ಕಿಡಿ, ಅದರ ಬಿಲ್ಲೆ ಬದಲಿಸಬೇಕು.